‘ಕೈದಿ’ ದಾಳಿ ಮಾಡುತ್ತಿದ್ದಾನೆಯೇ? ಓದುಗರ ನೆಟ್‌ವರ್ಕ್ ಪ್ರಶ್ನೆಗಳು

ಖಾಸಗಿ ನೆಟ್‌ವರ್ಕಿನ ಡಿಎನ್ಎಸ್ (ಹೆಸರನ್ನೂ ವಿಳಾಸವನ್ನೂ ಹೊಂದಿಸುವ ವ್ಯವಸ್ಥೆ) ಅಪ್‌ಡೇಟುಗಳು ದಾರಿ ತಪ್ಪಿ ಸಾರ್ವಜನಿಕ ಸರ್ವರುಗಳಿಗೆ ಹೋಗಿ ಬಡಿಯುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಆಜ್ಞೆಗಳನ್ನೂ ಝೋನ್ (ಒಂದು ಸರ್ವರಿಗೆ ವಹಿಸಿದ ಡಿಎನ್ಎಸ್ ಹೆಸರುಗಳ ಗುಂಪು) ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಸುಮಾರು 60 ಕಂಪ್ಯೂಟರುಗಳಿವೆ. ಹೊಸ ಫೈರ್‌ವಾಲ್ ಹಾಕಿದ ದಿನದಿಂದ ಲಾಗ್‌ನಲ್ಲಿ 192.175.48.1 ಎಂಬ ವಿಳಾಸ ಪದೇ ಪದೇ ಕಾಣುತ್ತಿದೆ. ಅದರ 53ನೇ ಪೋರ್ಟಿನಿಂದ ನಮ್ಮ ಬೇರೆ ಬೇರೆ ಪೋರ್ಟುಗಳಿಗೆ ಪ್ಯಾಕೆಟ್ ಬರುತ್ತವೆ. ಹೆಸರು ಹುಡುಕಿದರೆ ‘ಪ್ರಿಸನರ್.ಐಯಾನಾ.ಆರ್ಗ್’ (ಪ್ರಿಸನರ್ ಎಂದರೆ ಕೈದಿ) ಎಂದು ಬರುತ್ತದೆ. ಇದು ದಾಳಿಯೇ? ಬ್ಲಾಕ್ ಮಾಡಲೇ?
— ಸಿಸ್ಟಂ ಅಡ್ಮಿನ್, ಹುಬ್ಬಳ್ಳಿ

ಉತ್ತರ: ದಾಳಿಯಲ್ಲ. ನಿಮ್ಮವರೇ ಬರೆದ ಕಾಗದಕ್ಕೆ ಬಂದ ಉತ್ತರ ಅದು. ಈ ಗಾಬರಿ ಎಷ್ಟು ಸಾಮಾನ್ಯವೆಂದರೆ, ಇದೊಂದನ್ನೇ ವಿವರಿಸಲು 2011ರಲ್ಲಿ ಆರ್‌ಎಫ್‌ಸಿ 6305 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ಬಂದಿದೆ.

ಮಲೆನಾಡಿನ ಊರೂರಿಗೂ ಒಂದು ‘ಮೇಲಿನಮನೆ’ ಇರುತ್ತದೆ. ಊರೊಳಗೆ ಆ ಹೆಸರು ಸಾಕು. ಅದನ್ನಷ್ಟೇ ಬರೆದು ಬೆಂಗಳೂರಿನ ಅಂಚೆ ಡಬ್ಬಿಗೆ ಹಾಕಿದರೆ ಯಾವ ಊರಿನ ಮೇಲಿನಮನೆ ಎಂದು ಯಾರಿಗೂ ತಿಳಿಯದು. 10.0.0.0/8, 172.16.0.0/12, 192.168.0.0/16 ಈ ಮೂರು ಗುಂಪಿನ ಖಾಸಗಿ ವಿಳಾಸಗಳೂ ಹಾಗೆಯೇ. 192.168.1.57 ಎಂಬ ಯಂತ್ರ ಲಕ್ಷಾಂತರ ಜಾಲಗಳಲ್ಲಿರಬಹುದು.

ಆದರೆ ವಿಂಡೋಸ್ ಯಂತ್ರಕ್ಕೆ ಡೊಮೈನ್ ಹೆಸರು ಕೊಟ್ಟಿದ್ದರೆ, ಅದು ಬೂಟ್ ಆದಾಗ, ವಿಳಾಸ ಬದಲಾದಾಗ, ಮಾಮೂಲಿಯಾಗಿ 24 ಗಂಟೆಗೊಮ್ಮೆ ತನ್ನ ಹೆಸರು ಮತ್ತು ವಿಳಾಸವನ್ನು ಡಿಎನ್ಎಸ್‌ನಲ್ಲಿ ನೋಂದಾಯಿಸಲು ಹೊರಡುತ್ತದೆ. ಹೆಸರಿನಿಂದ ವಿಳಾಸಕ್ಕೆ ಒಂದು ದಾಖಲೆ, ವಿಳಾಸದಿಂದ ಹೆಸರಿಗೆ ಇನ್ನೊಂದು. ಕೆಡುವುದು ಹೆಚ್ಚಾಗಿ ಎರಡನೆಯದು, ಅಂದರೆ ಪಿಟಿಆರ್ ದಾಖಲೆ. ಯಂತ್ರ ಮೊದಲು ‘57.1.168.192.ಇನ್-ಆಡರ್.ಆರ್ಪಾ ಎಂಬ ಹೆಸರಿನ ಯಜಮಾನ ಸರ್ವರ್ ಯಾವುದು?’ ಎಂದು ಕೇಳುತ್ತದೆ. ಇದು ಎಸ್‌ಒಎ ಪ್ರಶ್ನೆ. ನಿಮ್ಮ ಡಿಎನ್ಎಸ್ ಸರ್ವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಅದು ಪ್ರಶ್ನೆಯನ್ನು ಇಂಟರ್ನೆಟ್ಟಿಗೆ ದಾಟಿಸುತ್ತದೆ. ಅಲ್ಲಿ 168.192.ಇನ್-ಆಡರ್.ಆರ್ಪಾ ಝೋನನ್ನು ಬ್ಲ್ಯಾಕ್‌ಹೋಲ್-1 ಮತ್ತು ಬ್ಲ್ಯಾಕ್‌ಹೋಲ್-2 ಎಂಬ ಎರಡು ಸರ್ವರುಗಳಿಗೆ ವಹಿಸಲಾಗಿದೆ. ಅವುಗಳ ವಿಳಾಸ 192.175.48.6 ಮತ್ತು 192.175.48.42. ‘ಅಂಥ ಹೆಸರೇ ಇಲ್ಲ’ ಎಂದು ಅವು ಹೇಳುತ್ತವೆ. ಆದರೆ ಆ ಉತ್ತರದ ಜೊತೆ ಹೋಗುವ ಎಸ್‌ಒಎ ದಾಖಲೆಯಲ್ಲಿ ಯಜಮಾನನ ಹೆಸರು ಪ್ರಿಸನರ್.ಐಯಾನಾ.ಆರ್ಗ್ ಎಂದಿರುತ್ತದೆ. ನಿಮ್ಮ ಯಂತ್ರ ಇದನ್ನು ನಂಬಿ, ನಡುವೆ ನಿಮ್ಮ ಸರ್ವರನ್ನು ಕೇಳದೆ, ಅಪ್‌ಡೇಟ್ ಪ್ಯಾಕೆಟ್ಟನ್ನು ನೇರವಾಗಿ 192.175.48.1ಕ್ಕೆ ಕಳಿಸುತ್ತದೆ. ಅದು ‘ನಿರಾಕರಿಸಲಾಗಿದೆ’ ಎನ್ನುತ್ತದೆ. ನಿಮ್ಮ ಫೈರ್‌ವಾಲ್ ದಾಳಿ ಎಂದು ಬರೆದುಕೊಳ್ಳುತ್ತಿರುವುದು ಈ ನಿರಾಕರಣೆಯನ್ನು.

ಈ ಸರ್ವರುಗಳು ಒಂದೇ ಕಡೆ ಇಲ್ಲ. ಎಎಸ್ 112 ಎಂಬ ಯೋಜನೆಯಡಿ ಜಗತ್ತಿನ ಹಲವೆಡೆ ಸ್ವಯಂಸೇವಕ ಸಂಸ್ಥೆಗಳು 192.175.48.0/24 ಎಂಬ ಒಂದೇ ವಿಳಾಸ ಗುಂಪನ್ನು ಪ್ರಕಟಿಸುತ್ತವೆ. ಹತ್ತಿರ ಸಿಕ್ಕಿದ್ದು ಉತ್ತರ ಕೊಡುತ್ತದೆ. ಇಂಥ ಕಸ ರೂಟ್ ಸರ್ವರುಗಳ ಕಡೆಯ ಮೂಲಸೌಕರ್ಯಕ್ಕೆ ಹೋಗಿ ಬೀಳಬಾರದೆಂದೇ ತೋಡಿದ ಇಂಗುಗುಂಡಿ ಇದು. (112 ನಮ್ಮಲ್ಲಿ ತುರ್ತು ಸಹಾಯದ ನಂಬರು ಕೂಡ. ಎರಡಕ್ಕೂ ಸಂಬಂಧವಿಲ್ಲ, ಇಲ್ಲಿ ಅದು ಬರೀ ಒಂದು ಜಾಲದ ಸಂಖ್ಯೆ.)

ಬ್ಲಾಕ್ ಮಾಡಿದರೆ ಏನಾಗುತ್ತದೆ? ಒಳಬರುವ ಉತ್ತರವನ್ನಷ್ಟೇ ತಡೆದರೆ ಯಂತ್ರಗಳು ಕಾದು, ಮತ್ತೆ ಕಳಿಸಿ, ಮತ್ತೆ ಕಾಯುತ್ತವೆ. ಲಾಗ್ ಖಾಲಿಯಾಗುತ್ತದೆ, ಸಂಚಾರ ಹೆಚ್ಚುತ್ತದೆ. ಬ್ಲ್ಯಾಕ್‌ಹೋಲ್ ವಿಳಾಸಗಳನ್ನೂ ತಡೆದರೆ ಇನ್ನೂ ಕಷ್ಟ: ವಿಳಾಸದಿಂದ ಹೆಸರು ಹುಡುಕುವ ಎಲ್ಲ ಕೆಲಸವೂ ಟೈಮ್‌ಔಟ್ ಆಗುವವರೆಗೆ ನಿಲ್ಲುತ್ತದೆ. ಎಸ್‌ಎಸ್‌ಎಚ್ ಲಾಗಿನ್ ಹತ್ತಾರು ಸೆಕೆಂಡ್ ತಡವಾಗುತ್ತಿದೆ ಎಂಬ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ. ಖಾಸಗಿ ವಿಳಾಸದ ಪ್ರಶ್ನೆಗೆ ನಿಮ್ಮ ಸರ್ವರೇ ಉತ್ತರ ಕೊಡುವಂತೆ ಮಾಡಿ. ಹೇಗೆಂಬುದು ಮುಂದಿನ ಎರಡು ಉತ್ತರಗಳಲ್ಲಿದೆ.

ಮೊದಲು ಖಚಿತ ಮಾಡಿಕೊಳ್ಳಬೇಕೆಂದರೆ ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕ್‌ನಲ್ಲಿ ‘ಡಿಎನ್ಎಸ್.ಫ್ಲ್ಯಾಗ್ಸ್.ಆಪ್‌ಕೋಡ್ == 5’ ಎಂದು ಫಿಲ್ಟರ್ ಹಾಕಿ. ಸಾಮಾನ್ಯ ಪ್ರಶ್ನೆಯ ಆಪ್‌ಕೋಡ್ 0, ಅಪ್‌ಡೇಟಿನದು 5. ಪ್ಯಾಕೆಟ್ ಬಿಡಿಸಿದರೆ ಕಂಪ್ಯೂಟರಿನ ಪೂರ್ತಿ ಹೆಸರು ಓದಲು ಸಿಗುತ್ತದೆ. ‘ಅಕೌಂಟ್ಸ್-ಪಿಸಿ-3’ ಎಂಬ ಹೆಸರೂ ಅದರ ಒಳ ವಿಳಾಸವೂ ಬಯಲಿನಲ್ಲಿ ಸಾಗುತ್ತಿರುವುದನ್ನು ಕಣ್ಣಾರೆ ನೋಡಿದರೆ, ‘ಏನೂ ನಷ್ಟವಿಲ್ಲವಲ್ಲ, ಬಿಡಿ’ ಎನ್ನುವ ಮೇಲಧಿಕಾರಿಯನ್ನೂ ಒಪ್ಪಿಸಬಹುದು.

ಪ್ರಶ್ನೆ: ವಿಂಡೋಸ್ ಡೊಮೈನ್‌ನ ಕಂಪ್ಯೂಟರುಗಳಲ್ಲಿ ಎಲ್‌ಎಸ್‌ಎ ಮೂಲದಿಂದ 40961 ನಂಬರಿನ ಎಚ್ಚರಿಕೆ ಬರುತ್ತಿದೆ: ‘ಡಿಎನ್ಎಸ್/ಪ್ರಿಸನರ್.ಐಯಾನಾ.ಆರ್ಗ್ ಜೊತೆ ಸುರಕ್ಷಿತ ಸಂಪರ್ಕ ಸಾಧ್ಯವಾಗಲಿಲ್ಲ’ ಎಂಬ ಅರ್ಥದ್ದು. ವೈರಸ್ ಸ್ಕ್ಯಾನ್ ಮಾಡಿಸಿದೆವು, ಏನೂ ಸಿಗಲಿಲ್ಲ.
— ಕಾಲೇಜು ಲ್ಯಾಬ್ ಸಹಾಯಕರು, ದಾವಣಗೆರೆ

ಉತ್ತರ: ಸಿಗುವುದೂ ಇಲ್ಲ. ವಿಂಡೋಸ್ ಮೊದಲು ಸಹಿಯಿಲ್ಲದ ಅಪ್‌ಡೇಟ್ ಕಳಿಸುತ್ತದೆ. ನಿರಾಕರಣೆ ಬಂದರೆ ಕರ್ಬರೋಸ್ (ಟಿಕೆಟ್ ಕೊಟ್ಟು ಗುರುತು ಖಚಿತಪಡಿಸುವ ವ್ಯವಸ್ಥೆ) ಸಹಿಯೊಂದಿಗೆ ಇನ್ನೊಮ್ಮೆ ಪ್ರಯತ್ನಿಸುತ್ತದೆ. ಸಹಿಗಾಗಿ ನಿಮ್ಮ ಡೊಮೈನ್ ಕಂಟ್ರೋಲರನ್ನು (ಡೊಮೈನಿನ ಲೆಕ್ಕ ಇಡುವ ಮುಖ್ಯ ಸರ್ವರನ್ನು) ‘ಪ್ರಿಸನರ್ ಎಂಬ ಸರ್ವರಿಗೆ ಟಿಕೆಟ್ ಕೊಡು’ ಎಂದು ಕೇಳುತ್ತದೆ. ಆ ಹೆಸರಿನವರು ಅದರ ಲೆಕ್ಕದಲ್ಲಿ ಇಲ್ಲ. ಆ ಜಟಾಪಟಿಯ ಗುರುತೇ 40961.

ವಿಂಡೋಸ್ ಡಿಎನ್ಎಸ್ ಸರ್ವರ್ ತಾನಾಗಿ ಸೃಷ್ಟಿಸುವ ರಿವರ್ಸ್ (ವಿಳಾಸದಿಂದ ಹೆಸರು ಕೊಡುವ) ಝೋನುಗಳು ಮೂರೇ: 0, 127 ಮತ್ತು 255. ಖಾಸಗಿ ವಿಳಾಸಗಳದ್ದನ್ನು ನೀವೇ ಮಾಡಬೇಕು. ಆಕ್ಟಿವ್ ಡೈರೆಕ್ಟರಿ (ವಿಂಡೋಸ್ ಡೊಮೈನಿನ ಬಳಕೆದಾರರ, ಯಂತ್ರಗಳ ದಾಖಲೆ ವ್ಯವಸ್ಥೆ) ಕೂರಿಸುವವರು ಫಾರ್ವರ್ಡ್ (ಹೆಸರಿನಿಂದ ವಿಳಾಸ ಕೊಡುವ) ಝೋನ್ ಬಂದದ್ದನ್ನು ನೋಡಿ ಕೈತೊಳೆದುಕೊಳ್ಳುತ್ತಾರೆ, ರಿವರ್ಸ್ ಹಾಗೆಯೇ ಉಳಿಯುತ್ತದೆ.

ಡಿಎನ್ಎಸ್ ಮ್ಯಾನೇಜರ್ ತೆರೆದು ‘ರಿವರ್ಸ್ ಲುಕಪ್ ಝೋನ್ಸ್’ ಮೇಲೆ ಬಲ ಕ್ಲಿಕ್ ಮಾಡಿ ‘ನ್ಯೂ ಝೋನ್’ ಆರಿಸಿ. ಪ್ರೈಮರಿ ಇರಲಿ, ಆಕ್ಟಿವ್ ಡೈರೆಕ್ಟರಿಯಲ್ಲಿ ಸಂಗ್ರಹಿಸುವ ಗುರುತು ಇರಲಿ, ಐಪಿವಿ4 ಆರಿಸಿ. ನೆಟ್‌ವರ್ಕ್ ಐಡಿ ಕೇಳುವಲ್ಲಿ 192.168.1 ಎಂದು ಮೂರು ಅಂಕಿ ತುಂಬುವ ಬದಲು 192.168 ಎಂದು ಎರಡೇ ತುಂಬಿ. ಝೋನ್ ಹೆಸರು 168.192.ಇನ್-ಆಡರ್.ಆರ್ಪಾ ಆಗುತ್ತದೆ. ನಾಳೆ ಹಾಸ್ಟೆಲ್ಲಿಗೋ ಗ್ರಂಥಾಲಯಕ್ಕೋ 192.168.20ರ ಹೊಸ ಸಬ್‌ನೆಟ್ ಹಾಕಿದರೂ ಅದೇ ಝೋನಿನೊಳಗೆ ಬೀಳುತ್ತದೆ. ಮೂರು ಅಂಕಿ ತುಂಬಿದವರಿಗೆ ಹೊಸ ಸಬ್‌ನೆಟ್ ಬಂದ ದಿನ ಪ್ರಿಸನರ್ ಮತ್ತೆ ಹಾಜರ್. ಕೊನೆಯ ಪುಟದಲ್ಲಿ ‘ಸುರಕ್ಷಿತ ಡೈನಮಿಕ್ ಅಪ್‌ಡೇಟ್ ಮಾತ್ರ’ ಆರಿಸಿ.

10ರ ಗುಂಪಿಗೆ ಬರೀ 10 ಎಂದು ತುಂಬಿದರೆ ಆಯಿತು. ಎಡವುವುದು 172ರಲ್ಲಿ. ಖಾಸಗಿಯಾಗಿರುವುದು 172.16ರಿಂದ 172.31ರವರೆಗೆ ಮಾತ್ರ, ಅದಕ್ಕೆ 16.172, 17.172 ಎಂದು ಹದಿನಾರು ಬೇರೆ ಬೇರೆ ಝೋನ್ ಬೇಕು. ‘ಯಾರು ಹದಿನಾರು ಮಾಡುತ್ತಾರೆ’ ಎಂದು 172 ಒಂದನ್ನೇ ತುಂಬಿದರೆ ಸಾರ್ವಜನಿಕ ಇಂಟರ್ನೆಟ್ಟಿನ 172 ವಿಳಾಸಗಳನ್ನೂ ನುಂಗಿದಂತೆ. ಗೂಗಲ್‌ನ 172.217 ಗುಂಪು ಅಲ್ಲೇ ಇದೆ. ನಿಮ್ಮ ಸರ್ವರ್ ಅವುಗಳಿಗೂ ‘ಹೆಸರಿಲ್ಲ’ ಎನ್ನತೊಡಗುತ್ತದೆ. ಮೇಲ್ ಸರ್ವರ್ ಇದ್ದರಂತೂ ಪಿಟಿಆರ್ ನೋಡಿ ಸ್ಪ್ಯಾಮ್ ಅಳೆಯುವ ಅದರ ಲೆಕ್ಕವೆಲ್ಲ ಏರುಪೇರು. 192 ಒಂದನ್ನೇ ತುಂಬುವುದೂ ಇದೇ ತಪ್ಪು.

ಝೋನ್ ಆದಮೇಲೆ ಒಂದು ಕ್ಲೈಂಟಿನಲ್ಲಿ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್ಎಸ್’, ಆಮೇಲೆ ‘ಐಪಿಕಾನ್ಫಿಗ್ /ರಿಜಿಸ್ಟರ್‌ಡಿಎನ್ಎಸ್’ ಕೊಡಿ. ಕೆಲ ನಿಮಿಷ ಬಿಟ್ಟು ಝೋನ್ ರಿಫ್ರೆಶ್ ಮಾಡಿದರೆ ಪಿಟಿಆರ್ ಕಾಣಬೇಕು. ಎನ್ಎಸ್‌ಲುಕಪ್ ತೆರೆದು ‘ಸೆಟ್ ಟೈಪ್=ಎಸ್‌ಒಎ’ ಎಂದು, ರಿವರ್ಸ್ ಹೆಸರು ಕೇಳಿ; ‘ಪ್ರೈಮರಿ ನೇಮ್ ಸರ್ವರ್’ ಎಂಬ ಸಾಲಿನಲ್ಲಿ ನಿಮ್ಮ ಸರ್ವರಿನ ಹೆಸರು ಬಂದರೆ ಕೆಲಸ ಮುಗಿಯಿತು.

ಪ್ರಿಸನರ್ ಎಂದೇ ಬಂದರೆ ಕ್ಲೈಂಟಿನ ಡಿಎನ್ಎಸ್ ಪಟ್ಟಿ ನೋಡಿ. ಮೊದಲನೆಯದು ಡೊಮೈನ್ ಕಂಟ್ರೋಲರ್, ಎರಡನೆಯದು 8.8.8.8 (ಗೂಗಲ್‌ನ ಸಾರ್ವಜನಿಕ ಡಿಎನ್ಎಸ್). ಇದು ಎಲ್ಲ ಕಡೆ ಕಾಣುವ ಜೋಡಿ. ‘ಒಂದು ಕೈಕೊಟ್ಟರೆ ಇನ್ನೊಂದಿರಲಿ’ ಎಂಬ ಎಣಿಕೆ ಇಲ್ಲಿ ನಡೆಯುವುದಿಲ್ಲ. ಮೊದಲನೆಯದು ಒಂದು ಕ್ಷಣ ತಡಮಾಡಿದರೂ ವಿಂಡೋಸ್ ಎರಡನೆಯದಕ್ಕೆ ಜಿಗಿಯುತ್ತದೆ, ಒಳಗಿನ ಪ್ರಶ್ನೆಗಳು ಹೊರಗೆ ಹೋಗುತ್ತವೆ. ಕ್ಲೈಂಟುಗಳಿಗೆ ಒಳ ಸರ್ವರುಗಳನ್ನು ಮಾತ್ರ ಕೊಡಿ. 8.8.8.8 ಬೇಕಿದ್ದರೆ ಅದರ ಜಾಗ ಸರ್ವರಿನ ‘ಫಾರ್ವರ್ಡರ್ಸ್’ ಪಟ್ಟಿ.

ಹಳೆಯ ದಾಖಲೆಗಳು ಕೊಳೆಯದಂತೆ ಸ್ಕ್ಯಾವೆಂಜಿಂಗ್ (ಹಳೆಯದನ್ನು ತಾನಾಗಿ ಅಳಿಸುವ ವ್ಯವಸ್ಥೆ) ಕೂಡ ಹಚ್ಚಿ. ಮಾಮೂಲಿ ಲೆಕ್ಕ ‘ನೋ-ರಿಫ್ರೆಶ್’ 7 ದಿನ ಮತ್ತು ‘ರಿಫ್ರೆಶ್’ 7 ದಿನ. 8 ದಿನದ ಡಿಎಚ್‌ಸಿಪಿ ಲೀಸ್ (ಯಂತ್ರಕ್ಕೆ ವಿಳಾಸವನ್ನು ತಾನಾಗಿ ಕೊಡುವ ಅವಧಿ) ಜೊತೆ ಅದು ಹೊಂದುತ್ತದೆ. ಸರ್ವರಿನಲ್ಲೂ ಝೋನಿನಲ್ಲೂ ಎರಡೂ ಕಡೆ ಗುರುತು ಹಾಕಬೇಕು, ಒಂದು ಕಡೆ ಹಾಕಿ ಸುಮ್ಮನಾದರೆ ಏನೂ ಅಳಿಯುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ವಿಂಡೋಸ್ ಸರ್ವರ್ ಇಲ್ಲ, ಲಿನಕ್ಸ್ ಮಾತ್ರ. ಬೈಂಡ್, ಅನ್‌ಬೌಂಡ್, ಡಿಎನ್ಎಸ್‌ಮಾಸ್ಕ್ ಈ ಡಿಎನ್ಎಸ್ ತಂತ್ರಾಂಶಗಳಲ್ಲಿ ಏನು ಮಾಡಬೇಕು?
— ಓದುಗರು, ಮೈಸೂರು

ಉತ್ತರ: ಬಹುಪಾಲು ಏನೂ ಮಾಡಬೇಕಿಲ್ಲ, ಮಾಡಿದ್ದನ್ನು ತೆಗೆಯಬೇಕಷ್ಟೇ. ಖಾಸಗಿ ರಿವರ್ಸ್ ಝೋನುಗಳನ್ನು ಪ್ರತಿ ಸರ್ವರೂ ಒಳಗೇ ನಿಭಾಯಿಸಬೇಕೆಂದು 2011ರ ಆರ್‌ಎಫ್‌ಸಿ 6303 ಹೇಳುತ್ತದೆ. ಬೈಂಡ್ 9.9ರಿಂದೀಚೆಗೆ ಈ ಖಾಲಿ ಝೋನುಗಳು ತಾವಾಗಿಯೇ ಬರುತ್ತವೆ. ಅನ್‌ಬೌಂಡ್‌ನಲ್ಲೂ ಇವೆ. ಹಳೆಯ ಬ್ಲಾಗಿನಿಂದ ನಕಲು ಮಾಡಿದ ಸಂರಚನೆಯಲ್ಲಿ ‘ಎಂಪ್ಟಿ-ಝೋನ್ಸ್-ಎನೇಬಲ್ ನೋ’ ಎಂಬ ಸಾಲಿದ್ದರೆ ಬೈಂಡ್‌ನ ರಕ್ಷಣೆ ಹೋಯಿತು. ಒಂದೇ ಸಬ್‌ನೆಟ್ಟಿಗಾಗಿ 168.192ಕ್ಕೆ ಇಡಿಯಾಗಿ ‘ನೋಡಿಫಾಲ್ಟ್’ ಬರೆದರೆ ಅನ್‌ಬೌಂಡ್‌ನದು ಹೋಯಿತು. ಆಗ ಇಡೀ 168.192 ಅನ್ನು ಒಳಗಿನ ಯಾವುದಾದರೂ ಸರ್ವರಿಗೆ ತಿರುಗಿಸಲೇಬೇಕು. ಡಿಎನ್ಎಸ್‌ಮಾಸ್ಕ್‌ನಲ್ಲಿ ‘ಬೋಗಸ್-ಪ್ರಿವ್’ ಸಾಲು ಇರಲಿ. ಓಪನ್‌ಡಬ್ಲ್ಯೂಆರ್‌ಟಿ ರೌಟರುಗಳಲ್ಲಿ ಅದು ಮೊದಲೇ ಇರುತ್ತದೆ.

ಕಳಿಸುವವರನ್ನೂ ನೋಡಿ. ಹಳೆಯ ಐಎಸ್‌ಸಿ ಡಿಎಚ್‌ಸಿಪಿ ಸರ್ವರಿನಲ್ಲಿ ಅಪ್‌ಡೇಟ್ ಬೇಡವಾದರೆ ‘ಡಿಡಿಎನ್ಎಸ್-ಅಪ್‌ಡೇಟ್-ಸ್ಟೈಲ್ ನನ್’ ಎಂದು ಬರೆಯಿರಿ. ಬೇಕಾದರೆ ಪ್ರತಿ ಝೋನಿಗೂ ಯಜಮಾನ ಸರ್ವರಿನ ವಿಳಾಸವನ್ನು ಕೈಯಾರೆ ಕೊಡಿ, ಇಲ್ಲದಿದ್ದರೆ ಅದೂ ಎಸ್‌ಒಎ ಹುಡುಕಿಕೊಂಡು ಹೊರಗೆ ಹೋಗುತ್ತದೆ. ಆಕ್ಟಿವ್ ಡೈರೆಕ್ಟರಿಗೆ ಸೇರಿಸಿದ ಲಿನಕ್ಸ್ ಯಂತ್ರಗಳಲ್ಲಿ ಎಸ್‌ಎಸ್‌ಎಸ್‌ಡಿ (ಅವನ್ನು ಡೊಮೈನಿಗೆ ಜೋಡಿಸುವ ತಂತ್ರಾಂಶ) ಕೂಡ ತಾನಾಗಿ ಅಪ್‌ಡೇಟ್ ಕಳಿಸುತ್ತದೆಂಬುದು ಹಲವರಿಗೆ ತಿಳಿದಿಲ್ಲ; ‘ಡಿನ್‌ಡಿಎನ್ಎಸ್_ಅಪ್‌ಡೇಟ್ = ಫಾಲ್ಸ್’ ಅದನ್ನು ನಿಲ್ಲಿಸುತ್ತದೆ.

ಕೊನೆಗೆ ಫೈರ್‌ವಾಲಿನಲ್ಲಿ 53ನೇ ಪೋರ್ಟಿಗೆ ಹೊರಹೋಗುವ ಅನುಮತಿ ನಿಮ್ಮ ಡಿಎನ್ಎಸ್ ಸರ್ವರುಗಳಿಗೆ ಮಾತ್ರ ಇರಲಿ, ಯುಡಿಪಿ ಮತ್ತು ಟಿಸಿಪಿ ಎರಡಕ್ಕೂ. ಉಳಿದವರಿಗೆ ‘ಡ್ರಾಪ್’ ಬೇಡ, ‘ರಿಜೆಕ್ಟ್’ ಇರಲಿ. ಇಲ್ಲ ಎಂದು ಕೂಡಲೇ ಹೇಳಿದರೆ ಯಂತ್ರ ಕಾಯುತ್ತ ಕೂರುವುದಿಲ್ಲ.

ಪ್ರಶ್ನೆ: ನಾವು ಇನ್ನೊಂದು ತುದಿಯವರು. ಕಂಪನಿಯ ಸಾರ್ವಜನಿಕ ಡಿಎನ್ಎಸ್ ಸರ್ವರ್ (ಬೈಂಡ್) ನಾವೇ ನಡೆಸುತ್ತೇವೆ. ಮನೆಯಿಂದ ಕೆಲಸ ಶುರುವಾದಮೇಲೆ ಲಾಗ್ ತುಂಬ ‘ಅಪ್‌ಡೇಟ್ ಡಿನೈಡ್’ ಸಾಲುಗಳು. ಬರುತ್ತಿರುವುದು ಬೇರೆ ಬೇರೆ ಬ್ರಾಡ್‌ಬ್ಯಾಂಡ್ ವಿಳಾಸಗಳಿಂದ. ಅವನ್ನೆಲ್ಲ ತಾನಾಗಿ ನಿಷೇಧಿಸುವ ಸ್ಕ್ರಿಪ್ಟ್ ಹಾಕಬಹುದೇ?
— ನೆಟ್‌ವರ್ಕ್ ಎಂಜಿನಿಯರ್, ಬೆಂಗಳೂರು

ಉತ್ತರ: ಹಾಕಬೇಡಿ, ನಿಷೇಧವಾಗುವವರು ನಿಮ್ಮ ಸಹೋದ್ಯೋಗಿಗಳೇ. ನಿಮ್ಮ ಒಳ ಡೊಮೈನಿಗೂ ಹೊರ ಜಾಲತಾಣಕ್ಕೂ ಒಂದೇ ಹೆಸರಿರಬೇಕು. ಆಫೀಸಿನಲ್ಲಿ ಆ ಹೆಸರಿನ ಯಜಮಾನ ಡೊಮೈನ್ ಕಂಟ್ರೋಲರ್. ಮನೆಯ ವೈಫೈನಲ್ಲಿ ಕೇಳಿದರೆ ಯಜಮಾನ ನಿಮ್ಮ ಬೈಂಡ್. ಲ್ಯಾಪ್‌ಟಾಪಿಗೆ ಈ ವ್ಯತ್ಯಾಸ ತಿಳಿಯದು. ‘ಸೇಲ್ಸ್-ಲ್ಯಾಪ್-12, ವಿಳಾಸ 192.168.0.105, ಟಿಟಿಎಲ್ 1200’ ಎಂದು ನಿಮಗೇ ಕಳಿಸುತ್ತದೆ. ಆ 1200 ಸೆಕೆಂಡ್ ವಿಂಡೋಸಿನ ಮಾಮೂಲಿ ಟಿಟಿಎಲ್, ಅಂದರೆ ದಾಖಲೆಯನ್ನು ಇತರರು ನೆನಪಿಟ್ಟುಕೊಳ್ಳಬಹುದಾದ ಅವಧಿ. ಪ್ಯಾಕೆಟ್ಟಿನಲ್ಲಿ ಅದು ಕಂಡರೆ ಕಳಿಸಿದ್ದು ವಿಂಡೋಸ್ ಇರಬೇಕೆಂದು ಊಹಿಸಬಹುದು.

ಮದ್ದು ಲ್ಯಾಪ್‌ಟಾಪಿನ ಕಡೆ ಇದೆ. ಗ್ರೂಪ್ ಪಾಲಿಸಿಯಲ್ಲಿ ಕಂಪ್ಯೂಟರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ನೆಟ್‌ವರ್ಕ್, ಡಿಎನ್ಎಸ್ ಕ್ಲೈಂಟ್ ಎಂದು ಇಳಿದರೆ ‘ಡೈನಮಿಕ್ ಅಪ್‌ಡೇಟ್’ ಸಿಗುತ್ತದೆ. ಲ್ಯಾಪ್‌ಟಾಪ್‌ಗಳ ಗುಂಪಿಗೆ ಅದನ್ನು ಡಿಸೇಬಲ್ ಮಾಡಿ. ಆಫೀಸಿನಲ್ಲಿ ನೋಂದಣಿ ತಪ್ಪಬಾರದಲ್ಲ, ಅದಕ್ಕೆ ಡಿಎಚ್‌ಸಿಪಿ ಸರ್ವರಿನ ಡಿಎನ್ಎಸ್ ಟ್ಯಾಬಿನಲ್ಲಿ ‘ಯಾವಾಗಲೂ ಅಪ್‌ಡೇಟ್ ಮಾಡು’ ಎಂಬುದನ್ನು ಆರಿಸಿ. ಕ್ಲೈಂಟುಗಳ ಪರವಾಗಿ ಅದೇ ಬರೆಯುತ್ತದೆ. ವಿಪಿಎನ್ ಅಡಾಪ್ಟರ್ ಮಾತ್ರ ನೋಂದಾಯಿಸಬೇಕು ಎನ್ನುವವರು ಪಾಲಿಸಿ ಮುಟ್ಟದೆ, ವೈಫೈ ಅಡಾಪ್ಟರಿನ ಅಡ್ವಾನ್ಸ್ಡ್ ಡಿಎನ್ಎಸ್ ಪುಟದಲ್ಲಿ ‘ಈ ಸಂಪರ್ಕದ ವಿಳಾಸ ನೋಂದಾಯಿಸು’ ಗುರುತು ತೆಗೆಯಬಹುದು.

ಒಳ ಡೊಮೈನಿಗೆ ‘ಎಡಿ’ ಎಂಬ ಉಪಹೆಸರು ಕೊಟ್ಟರೆ ಸಾಕೆಂದು ಹಲವರು ಬರೆಯುತ್ತಾರೆ. ಸಾಲದು. ಹೊರಗಿನಿಂದ ಕೇಳಿದಾಗ ‘ಆ ಉಪಹೆಸರಿಲ್ಲ’ ಎಂಬ ಉತ್ತರದ ಜೊತೆಗೆ ಮೇಲಿನ ಡೊಮೈನಿನ ಎಸ್‌ಒಎ ಹೋಗುತ್ತದೆ, ಅದರಲ್ಲಿ ಯಜಮಾನ ನೀವೇ. ಪ್ರಿಸನರ್ ಕಥೆಯೇ ಇಲ್ಲೂ ನಡೆಯುತ್ತದೆ.

ಲಾಗ್ ಹಗುರವಾಗಬೇಕಾದರೆ ಬೈಂಡ್‌ನ ‘ಅಪ್‌ಡೇಟ್-ಸೆಕ್ಯುರಿಟಿ’ ವರ್ಗವನ್ನು ಬೇರೆ ಫೈಲಿಗೆ ತಿರುಗಿಸಿ. ಆದರೆ ಯಾವ ಕಾರಣಕ್ಕೂ, ಗಲಾಟೆ ನಿಲ್ಲಲಿ ಎಂದು, ‘ಅಲೌ-ಅಪ್‌ಡೇಟ್’ ಸಡಿಲಿಸಬೇಡಿ. ಬೈಂಡ್‌ನ ಮಾಮೂಲಿ ಸ್ಥಿತಿ ಎಲ್ಲರಿಗೂ ನಿರಾಕರಣೆ, ಅದೇ ಸರಿ. ಐಪಿ ವಿಳಾಸ ನೋಡಿ ಅನುಮತಿ ಕೊಡುವುದೂ ಬೇಡ: ಅಪ್‌ಡೇಟ್ ಯುಡಿಪಿಯಲ್ಲಿ ಬರಬಹುದು, ಯುಡಿಪಿಯಲ್ಲಿ ಕಳಿಸಿದವರ ವಿಳಾಸವನ್ನು ಸುಳ್ಳಾಗಿ ಬರೆಯಬಹುದು. ಆಮೇಲೆ ನಿಮ್ಮ ಜಾಲತಾಣದ ವಿಳಾಸವನ್ನೇ ಯಾರಾದರೂ ಬದಲಿಸಬಹುದು. ಪ್ರಮಾಣಪತ್ರ ನವೀಕರಣಕ್ಕೆ ಅಪ್‌ಡೇಟ್ ಬೇಕೇಬೇಕೆಂದರೆ ಟಿಸಿಗ್ (ಅಪ್‌ಡೇಟಿಗೆ ಸಹಿ ಹಾಕುವ ಗುಪ್ತ) ಕೀಲಿ ಮಾಡಿ, ‘ಅಪ್‌ಡೇಟ್-ಪಾಲಿಸಿ’ಯಲ್ಲಿ ಆ ಒಂದು ಹೆಸರಿನ ಟೆಕ್ಸ್ಟ್ ದಾಖಲೆಗೆ ಮಾತ್ರ ಹಕ್ಕು ಕೊಡಿ.

ಪ್ರಶ್ನೆ: ನಮ್ಮ ಒಳ ಡೊಮೈನ್ ‘.ಲೋಕಲ್’ ಎಂದು ಮುಗಿಯುತ್ತದೆ. ಬದಲಿಸಬೇಕೇ?
— ಓದುಗರು, ಮಂಗಳೂರು

ಉತ್ತರ: ಇದೊಂದಕ್ಕಾಗಿ ಬೇಡ. ನಡೆಯುತ್ತಿರುವ ಆಕ್ಟಿವ್ ಡೈರೆಕ್ಟರಿಯ ಹೆಸರು ಬದಲಿಸುವುದು ಮನೆ ಕೆಡವಿ ಕಟ್ಟಿದಷ್ಟೇ ಕೆಲಸ. ಆದರೆ ಹೊಸದಾಗಿ ಕಟ್ಟುವವರು .ಲೋಕಲ್ ಮುಟ್ಟಬಾರದು, 2013ರಿಂದ ಅದು ಮಲ್ಟಿಕಾಸ್ಟ್ ಡಿಎನ್ಎಸ್‌ಗೆ ಮೀಸಲು, ಪ್ರಿಂಟರುಗಳೂ ಆಪಲ್ ಸಾಧನಗಳೂ ಅದನ್ನು ಬೇರೆಯೇ ರೀತಿ ಹುಡುಕುತ್ತವೆ. ನಿಮ್ಮದೇ ನೋಂದಾಯಿತ ಡೊಮೈನಿನ ಉಪಹೆಸರು ನಮ್ಮ ಮೊದಲ ಆಯ್ಕೆ, ಮೇಲೆ ಹೇಳಿದ ಎಚ್ಚರಿಕೆಯೊಂದಿಗೆ. ಅದು ಬೇಡವೆಂದರೆ 2024ರಲ್ಲಿ ಐಕ್ಯಾನ್ (ಇಂಟರ್ನೆಟ್ ಹೆಸರುಗಳನ್ನು ನಿರ್ವಹಿಸುವ ಸಂಸ್ಥೆ) ಖಾಸಗಿ ಬಳಕೆಗೆಂದೇ ಕಾದಿರಿಸಿದ ‘.ಇಂಟರ್ನಲ್’ ಇದೆ. ಮನೆಯ ಜಾಲಕ್ಕೆ ‘ಹೋಮ್.ಆರ್ಪಾ’.

.ಲೋಕಲ್, .ಇಂಟರ್ನಲ್ ಹೆಸರುಗಳ ಪ್ರಶ್ನೆ ಹೊರಗೆ ಸೋರಿದರೆ ಉತ್ತರ ಬರುವುದು ರೂಟ್‌ನಿಂದ (ಡಿಎನ್ಎಸ್‌ನ ತುದಿಯ ಸರ್ವರುಗಳಿಂದ), ಅದರ ಎಸ್‌ಒಎಯಲ್ಲಿ ಯಜಮಾನನ ಹೆಸರು ಎ.ರೂಟ್-ಸರ್ವರ್ಸ್.ನೆಟ್. ಈಗಿನ ವಿಂಡೋಸ್ ರೂಟ್‌ಗೂ ಟಾಪ್ ಲೆವೆಲ್ ಝೋನುಗಳಿಗೂ ತಾನಾಗಿ ಅಪ್‌ಡೇಟ್ ಕಳಿಸುವುದಿಲ್ಲ. ‘ಅಪ್‌ಡೇಟ್ ಟಾಪ್ ಲೆವೆಲ್ ಡೊಮೈನ್ ಝೋನ್ಸ್’ ಪಾಲಿಸಿಯನ್ನು ಯಾರಾದರೂ ಆನ್ ಮಾಡಿದ್ದಾರೆಯೇ ಎಂದು ಒಮ್ಮೆ ನೋಡಿ. ಚುಕ್ಕಿಯಿಲ್ಲದ ಒಂಟಿ ಹೆಸರಿನ ಡೊಮೈನುಗಳಲ್ಲಿ ಅದನ್ನು ಆನ್ ಮಾಡುವ ರೂಢಿ ಇತ್ತು.

ಪ್ರಶ್ನೆ: ಅಂಗಡಿಯ ಸಿಸಿಟಿವಿ ಡಿವಿಆರ್‌ನಲ್ಲಿ ‘ಡಿಡಿಎನ್ಎಸ್’ ಎಂದಿದೆ. ಅದೂ ಇದೇ ತೊಂದರೆಯೇ? ಹೊರಗಿನಿಂದ ಕ್ಯಾಮೆರಾ ತೆರೆಯುತ್ತಿಲ್ಲ.
— ಅಂಗಡಿ ಮಾಲೀಕರು, ಶಿವಮೊಗ್ಗ

ಉತ್ತರ: ಹೆಸರು ಒಂದೇ, ದಾರಿ ಬೇರೆ. ಡಿವಿಆರ್ ಸಾಮಾನ್ಯವಾಗಿ ವೆಬ್ ಮೂಲಕ ಒಂದು ಸೇವೆಗೆ ‘ನನ್ನ ವಿಳಾಸ ಇದು’ ಎಂದು ತಿಳಿಸುತ್ತದೆ, ಆಪ್‌ಕೋಡ್ 5ರ ಪ್ಯಾಕೆಟ್ ಕಳಿಸುವುದಿಲ್ಲ. ನಿಮ್ಮ ತೊಂದರೆ ರೌಟರಿನ ಸ್ಟೇಟಸ್ ಪುಟದಲ್ಲಿ ಸಿಗಬಹುದು. ಅಲ್ಲಿ ವ್ಯಾನ್ ಐಪಿ (ರೌಟರಿನ ಹೊರಮುಖದ ವಿಳಾಸ) 100.64ರಿಂದ 100.127ರ ನಡುವೆ ಇದ್ದರೆ, ಅಥವಾ 10ರಿಂದ ಶುರುವಾಗಿದ್ದರೆ, ಬ್ರಾಡ್‌ಬ್ಯಾಂಡ್‌ನವರು ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇಟ್ಟಿದ್ದಾರೆಂದು ಅರ್ಥ. ಡಿಡಿಎನ್ಎಸ್ ಹೆಸರು ಏನನ್ನೇ ತೋರಿಸಲಿ, ಹೊರಗಿನ ಕರೆ ನಿಮ್ಮ ಅಂಗಡಿಯವರೆಗೆ ಬರುವುದಿಲ್ಲ. ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಸಲ ಮಾಡಿಸಿದರೂ ಅಷ್ಟೇ. ಸ್ಥಿರ ಐಪಿ ಕೇಳಿ ಪಡೆಯಿರಿ, ಇಲ್ಲವೇ ತಯಾರಕರ ಕ್ಲೌಡ್ ಆ್ಯಪ್ ಬಳಸಿ. ಸ್ಥಿರ ಐಪಿ ಸಿಕ್ಕರೆ ಡಿವಿಆರ್‌ನ ಪೋರ್ಟನ್ನು ನೇರ ತೆರೆದಿಡುವ ಬದಲು ರೌಟರಿನಲ್ಲೇ ವಿಪಿಎನ್ ಹಾಕಿಸಿ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಅಂದೇ ಬದಲಿಸಿ.